ಹಿಂದೂ ಸಂಹಿತೆ ಮತ್ತು ಸ್ತ್ರೀಯರ ದಾಯಹಕ್ಕು

ಸಮಾನತೆಯ ಬೇಡಿಕೆ ಕೇವಲ ಮಾತಾಗಿರುವವರೆಗೆ ಸಮಾಜ ಅದಕ್ಕೆ ತಲೆದೂಗುವುದುಂಟು. ಅದು ಕಾನೂನಿನ ಕಲಮಾಗಿ, ಹೊಲದ ಪಾಲಾಗಿ, ಪಹಣಿಯಲ್ಲಿ ಬರೆಯಬೇಕಾದ ಹೆಸರಾಗಿ ಇಳಿದುಬರುವ ಲಕ್ಷಣ ಕಂಡೊಡನೆ ಅದೇ ಸಮಾಜದಲ್ಲಿ ಪ್ರತಿರೋಧ ತಲೆಯೆತ್ತುತ್ತದೆ. ಇಂದು ಸ್ತ್ರೀವಾದವೆಂದು ಕರೆಯಲಾಗುವ ವಿಚಾರಧಾರೆಯ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಅದರ ವಿಜಯಗಳನ್ನೇ ಎಣಿಸುತ್ತಾರೆ. ಆ ವಿಜಯಗಳನ್ನು ಎದುರಿಸಿ ನಿಂತವರು ಯಾರು, ಅವರು ಮುಂದಿಟ್ಟ ವಾದಗಳು ಯಾವುವು, ಸೋತಂತೆ ಕಂಡಾಗಲೂ ಅವರು ಉಳಿಸಿಕೊಂಡುದು ಏನು ಎಂಬ ವಿಚಾರ ಅಷ್ಟಾಗಿ ವಿವೇಚನೆಗೆ ಒಳಗಾಗಿಲ್ಲ. ಭಾರತದ ಮಟ್ಟಿಗೆ ಇದನ್ನು ಅರಿಯಲು ೧೯೪೧ ರಿಂದ ೧೯೫೬ ರವರೆಗೆ ನಡೆದ ಹಿಂದೂ ಸಂಹಿತೆಯ ವಿವಾದಕ್ಕಿಂತ ಉತ್ತಮ ನಿದರ್ಶನ ದೊರೆಯುವುದು ಕಷ್ಟ. ಆ ವಿವಾದದ ಕೇಂದ್ರದಲ್ಲಿದ್ದ ಶಾಸ್ತ್ರಗ್ರಂಥ ರಚಿತವಾದುದು ಕನ್ನಡನಾಡಿನ ಕಲ್ಯಾಣದಲ್ಲಿ ಎಂಬ ಕಾರಣದಿಂದ ಕನ್ನಡಿಗರಿಗೆ ಅದು ಪರಕೀಯವಾದ ವಿಷಯವೂ ಅಲ್ಲ.

ಆ ಗ್ರಂಥ ಮಿತಾಕ್ಷರ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನ ಮುಂದೆ ಬಂಗಾಳ, ಅಸ್ಸಾಮುಗಳನ್ನು ಬಿಟ್ಟು ಬಹುತೇಕ ಭಾರತಕ್ಕೆ ದಾಯವಿಭಾಗದ ಪ್ರಮಾಣಗ್ರಂಥವಾಯಿತು. ಅದರ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವ ಪ್ರಾಪ್ತವಾಗುತ್ತದೆ. ತಂದೆ, ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಹೀಗೆ ನಾಲ್ಕು ತಲೆಮಾರಿನ ಗಂಡಸರು ಕೂಡಿ ಒಂದು ಪಾಲುದಾರ ಕೂಟವಾಗುತ್ತಾರೆ. ಅವರಲ್ಲಿ ಒಬ್ಬನು ತೀರಿಕೊಂಡರೆ ಅವನ ಪಾಲು ಉಳಿದ ಪಾಲುದಾರರಲ್ಲಿ ಲೀನವಾಗುತ್ತದೆ. ಹೆಂಡತಿ, ತಾಯಿ, ಮಗಳು ಈ ಕೂಟದ ಹೊರಗಿನವರು. ಅವರಿಗೆ ಅನ್ನವಸ್ತ್ರದ ಹಕ್ಕಿದೆ. ಮಗಳಿಗೆ ಮದುವೆಯ ವೆಚ್ಚದ ಹಕ್ಕಿದೆ. ಬಂಗಾಳದಲ್ಲಿ ಪ್ರಮಾಣವಾದ ಜೀಮೂತವಾಹನನ ದಾಯಭಾಗದಲ್ಲಿ ಹುಟ್ಟಿನ ಹಕ್ಕೆಂಬುದಿಲ್ಲ. ತಂದೆಯ ಮರಣಾನಂತರವೇ ಮಗನ ಹಕ್ಕು ಉದಯಿಸುತ್ತದೆ.

ಇಷ್ಟನ್ನು ಕೇಳಿದವರು ವಿಜ್ಞಾನೇಶ್ವರನನ್ನು ಸ್ತ್ರೀಯರ ಹಕ್ಕಿನ ವಿರೋಧಿಯೆಂದು ಭಾವಿಸುವ ಸಂಭವವಿದೆ. ಆದರೆ ಸ್ತ್ರೀಧನದ ಪ್ರಕರಣವನ್ನು ತೆರೆದು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ತಂದೆ, ತಾಯಿ, ಗಂಡ, ಸೋದರರು ಕೊಟ್ಟುದು, ಮದುವೆಯ ಅಗ್ನಿಯ ಮುಂದೆ ಬಂದುದು ಇತ್ಯಾದಿಗಳನ್ನು ಹೆಸರಿಸಿ ಯಾಜ್ಞವಲ್ಕ್ಯನು ‘ಆದ್ಯ’ ಎಂಬ ಪದ ಪ್ರಯೋಗಿಸುತ್ತಾನೆ. ಅಂದರೆ ಇವೇ ಮೊದಲಾದುವು ಎಂದರ್ಥ. ಈ ಒಂದು ಪದವನ್ನು ಹಿಡಿದು ವಿಜ್ಞಾನೇಶ್ವರನು ಉತ್ತರಾಧಿಕಾರ, ಕ್ರಯ, ವಿಭಾಗ, ಪರಿಗ್ರಹ, ಅಧಿಗಮ ಈ ಯಾವ ಮಾರ್ಗದಿಂದ ಬಂದುದಾದರೂ ಸ್ತ್ರೀಯ ಸೊತ್ತು ಸ್ತ್ರೀಧನವೇ ಎಂದು ನಿರ್ಣಯಿಸಿದನು. ‘ಸ್ತ್ರೀಧನ’ವೆಂಬ ಶಬ್ದ ಯೌಗಿಕವೇ ಹೊರತು ಪಾರಿಭಾಷಿಕವಲ್ಲ ಎಂಬುದು ಅವನ ವಾದ. ಸ್ತ್ರೀಯ ಧನ ಯಾವುದೋ ಅದು ಸ್ತ್ರೀಧನ. ಆ ಶಬ್ದಕ್ಕೆ ಸಂಕುಚಿತವಾದ ವಿಶೇಷಾರ್ಥವನ್ನು ಆರೋಪಿಸಲು ಆಧಾರವಿಲ್ಲ. ವ್ಯಾಕರಣದ ಒಂದು ಸೂಕ್ಷ್ಮ ಆಸ್ತಿಯ ಒಡೆತನವನ್ನೇ ನಿರ್ಣಯಿಸಿದ ಇಂಥ ಉದಾಹರಣೆಗಳು ಶಾಸ್ತ್ರಸಾಹಿತ್ಯದಲ್ಲಿ ಅಪರೂಪ.

ಈ ಉದಾರ ವ್ಯಾಖ್ಯಾನವನ್ನು ಒಪ್ಪದೆ ಹೋದುದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾದ ಪ್ರೀವಿ ಕೌನ್ಸಿಲ್. ೧೮೬೭ ರಲ್ಲಿ ವಿಧವೆಯೊಬ್ಬಳು ಗಂಡನಿಂದ ಪಡೆದ ಆಸ್ತಿಯ ವಿಚಾರದಲ್ಲಿಯೂ, ೧೯೦೩ ರಲ್ಲಿ ಮಗಳು ತಾಯಿಯ ಸ್ತ್ರೀಧನದಿಂದ ಪಡೆದ ಆಸ್ತಿಯ ವಿಚಾರದಲ್ಲಿಯೂ ಉತ್ತರಾಧಿಕಾರದಿಂದ ಬಂದ ಸೊತ್ತು ಸ್ತ್ರೀಧನವಲ್ಲವೆಂದು ಅದು ತೀರ್ಮಾನಿಸಿತು. ಮುಂಬಯಿ ಪ್ರಾಂತದಲ್ಲಿ ಮಗಳ ಮಟ್ಟಿಗೆ ಕೊಂಚ ಉದಾರವಾದ ಸಂಪ್ರದಾಯ ನಡೆದುಬಂದಿತಾದರೂ ಉಳಿದೆಡೆ ಸ್ತ್ರೀಯ ಹಕ್ಕು ‘ಸೀಮಿತ ಹಕ್ಕು’ ಎನಿಸಿತು. ವಿಧವೆ ಬದುಕಿರುವವರೆಗೆ ಹೊಲದ ಉತ್ಪನ್ನ ಉಣ್ಣಬಹುದು. ಶಾಸ್ತ್ರಸಮ್ಮತವಾದ ಅಗತ್ಯವಿಲ್ಲದೆ ಅದನ್ನು ಮಾರುವಂತಿಲ್ಲ. ಅವಳ ಬಳಿಕ ಅದು ಅವಳ ವಾರಸುದಾರರಿಗಲ್ಲ, ಗಂಡನ ಕಡೆಯವರಿಗೆ ಮರಳಬೇಕು. ಮುಂದೆ ಹಿಂದೂ ಸಂಹಿತೆಯನ್ನು ಶಾಸ್ತ್ರದ ಹೆಸರಿನಲ್ಲಿ ಎದುರಿಸಿದವರಲ್ಲಿ ಅನೇಕರು ವಾಸ್ತವವಾಗಿ ರಕ್ಷಿಸಲು ಹೊರಟದ್ದು ಲಂಡನ್ನಿನ ನ್ಯಾಯಾಧೀಶರು ಕಿರಿದುಗೊಳಿಸಿದ ಶಾಸ್ತ್ರವನ್ನು. ಕಲ್ಯಾಣದ ಪಂಡಿತನ ಅಭಿಪ್ರಾಯ ಅವರಿಗೆ ನೆನಪಿದ್ದಂತೆ ತೋರುವುದಿಲ್ಲ.

ಈ ಅನ್ಯಾಯವನ್ನು ಕಾನೂನಿನಿಂದ ಸರಿಪಡಿಸುವ ಪ್ರಯತ್ನದಲ್ಲಿ ಮೈಸೂರು ಸಂಸ್ಥಾನ ಮುಂಚೂಣಿಯಲ್ಲಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ೧೯೩೩ ರ ಹತ್ತನೆಯ ಕಾಯಿದೆಯಾಗಿ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನ ಜಾರಿಗೆ ಬಂದಿತು. ಅವಿಭಕ್ತ ಕುಟುಂಬ ಪಾಲಾಗುವಾಗ ತಾಯಿ, ವಿಧವೆ, ಅವಿವಾಹಿತ ಮಗಳು ಇವರಿಗೂ ಅದು ಪಾಲು ಗೊತ್ತುಪಡಿಸಿತು. ಅವಿವಾಹಿತ ಮಗಳಿಗೆ ದೊರೆತುದು ಸೋದರನ ಪಾಲಿನ ನಾಲ್ಕನೆಯ ಒಂದು ಭಾಗ ಮಾತ್ರ. ಸ್ತ್ರೀಧನದ ವ್ಯಾಪ್ತಿಯನ್ನು ಆ ಶಾಸನ ಹಿಗ್ಗಿಸಿತು. ಗಂಡನು ಲಿಖಿತವಾಗಿ ನಿಷೇಧಿಸದಿದ್ದಲ್ಲಿ ವಿಧವೆ ದತ್ತು ಸ್ವೀಕರಿಸಬಹುದೆಂದಿತು. ಇಂದಿನ ಕಣ್ಣಿಗೆ ಇವೆಲ್ಲ ಅಲ್ಪವೆನಿಸಬಹುದು. ಆದರೆ ಬ್ರಿಟಿಷ್ ಭಾರತದಲ್ಲಿ ಡಾ. ಜಿ. ವಿ. ದೇಶಮುಖರ ಯತ್ನದಿಂದ ವಿಧವೆಗೆ ಮಗನಷ್ಟೇ ಪಾಲು ಕೊಡುವ ಕಾಯಿದೆ ಬಂದುದು ೧೯೩೭ ರಲ್ಲಿ, ಮೈಸೂರಿಗಿಂತ ನಾಲ್ಕು ವರ್ಷ ತಡವಾಗಿ. ಅದರಲ್ಲಿಯೂ ಅವಳ ಹಕ್ಕು ಸೀಮಿತವಾಗಿಯೇ ಉಳಿಯಿತು. ಮಗಳ ಮಾತೇ ಬರಲಿಲ್ಲ.

ದೇಶಮುಖ ಕಾಯಿದೆಯ ತೊಡಕುಗಳನ್ನು ಬಿಡಿಸಲು ೧೯೪೧ ರಲ್ಲಿ ನೇಮಕವಾದ ಸಮಿತಿಯ ಅಧ್ಯಕ್ಷರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು. ಮುಂದೆ ಸಂವಿಧಾನ ಸಭೆಗೆ ಸಲಹೆಗಾರರಾದವರು ಇವರೇ. ಬಿಡಿಬಿಡಿ ತೇಪೆಗಳಿಂದ ಪ್ರಯೋಜನವಿಲ್ಲ, ಹಿಂದೂ ಕಾನೂನನ್ನೆಲ್ಲ ಒಂದು ಸಂಹಿತೆಯಾಗಿ ಕ್ರೋಡೀಕರಿಸಬೇಕು ಎಂದು ರಾಯರ ಸಮಿತಿ ಅಭಿಪ್ರಾಯಪಟ್ಟಿತು. ೧೯೪೪ ರಲ್ಲಿ ಪುನರ್ರಚಿತವಾದ ಸಮಿತಿ ಕರಡನ್ನು ಸಿದ್ಧಪಡಿಸಿ, ೧೯೪೫ ರಲ್ಲಿ ದೇಶದ ಮುಖ್ಯ ನಗರಗಳನ್ನು ಸುತ್ತಿ ಸಾಕ್ಷ್ಯ ಸಂಗ್ರಹಿಸಿತು. ಕೆಲವೆಡೆ ಕಪ್ಪು ಬಾವುಟಗಳೂ ಎದುರಾದುವು. ಸಮಿತಿಯ ಸದಸ್ಯರಲ್ಲೊಬ್ಬರಾದ ದ್ವಾರಕಾನಾಥ ಮಿತ್ರರೇ ಜನಾಭಿಪ್ರಾಯ ಇದಕ್ಕೆ ಅನುಕೂಲವಾಗಿಲ್ಲವೆಂದು ಭಿನ್ನಮತ ಬರೆದರು. ಇವೆಲ್ಲದರ ಹಿಂದೆ ೧೯೨೭ ರಲ್ಲಿ ಆರಂಭವಾದ ಅಖಿಲ ಭಾರತ ಮಹಿಳಾ ಪರಿಷತ್ತಿನ ನಿರಂತರವಾದ ಒತ್ತಾಯವಿದ್ದಿತೆಂಬುದನ್ನು ಮರೆಯಬಾರದು. ಸಂಹಿತೆ ಕೇವಲ ಪುರುಷ ಸುಧಾರಕರ ಔದಾರ್ಯದ ಫಲವಲ್ಲ.

೧೯೪೮ ರಲ್ಲಿ ಮಸೂದೆ ಆಯ್ಕೆ ಸಮಿತಿಗೆ ಹೋಯಿತು. ಕಾನೂನು ಸಚಿವರಾದ ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರು ಅದರ ಹೊಣೆ ಹೊತ್ತರು. ರಾಯರ ಕರಡಿನಲ್ಲಿ ಮಗಳಿಗೆ ಮಗನ ಅರ್ಧದಷ್ಟು ಪಾಲಿದ್ದುದು ಈಗ ಸಮಪಾಲಾಯಿತು. ಮಿತಾಕ್ಷರದ ಹುಟ್ಟಿನ ಹಕ್ಕು ರದ್ದಾಗಿ, ದಾಯಭಾಗದಂತೆ ಪ್ರತಿಯೊಬ್ಬನ ಆಸ್ತಿಯೂ ಅವನ ಮರಣಾನಂತರ ವಾರಸುದಾರರಿಗೆ ಹಂಚಿಕೆಯಾಗಬೇಕಿತ್ತು. ಸ್ತ್ರೀಯ ಸೀಮಿತ ಹಕ್ಕು ಪೂರ್ಣ ಹಕ್ಕಾಗಬೇಕಿತ್ತು. ಏಕಪತ್ನೀತ್ವ ಕಡ್ಡಾಯವಾಗಿ, ಗೊತ್ತಾದ ಕಾರಣಗಳಿಗೆ ವಿಚ್ಛೇದನ ಸಾಧ್ಯವಾಗಬೇಕಿತ್ತು. ಹಂಸಾ ಮೆಹತಾ, ರೇಣುಕಾ ರಾಯ್, ಜಿ. ದುರ್ಗಾಬಾಯಿ ಮೊದಲಾದ ಸದಸ್ಯೆಯರು ಮಸೂದೆಯನ್ನು ಸಮರ್ಥಿಸಿದರು.

ಪ್ರತಿರೋಧ ಪೂರ್ಣ ಸ್ವರೂಪ ತಾಳಿದುದು ಆಗ. ಸಂಹಿತೆಯನ್ನು ವಿರೋಧಿಸುವುದಕ್ಕೆಂದೇ ಸಮಿತಿಗಳು ರಚಿತವಾದುವು. ದೆಹಲಿಯ ರಾಮಲೀಲಾ ಮೈದಾನದಲ್ಲಿ ೧೯೪೯ ರ ಡಿಸೆಂಬರಿನಲ್ಲಿ ಸಭೆ ಸೇರಿತು. ಶಾಸನಸಭೆಯತ್ತ ಮೆರವಣಿಗೆಗಳು ಹೊರಟುವು. ಪ್ರಧಾನಿ ನೆಹರೂ ಮತ್ತು ಅಂಬೇಡ್ಕರ್ ಅವರ ಪ್ರತಿಕೃತಿಗಳು ಸುಡಲ್ಪಟ್ಟುವು. ಸ್ವಾಮಿ ಕರಪಾತ್ರಿಯವರು ಚಳವಳಿಯ ಪ್ರಮುಖ ನಾಯಕರು. ಅಂಬೇಡ್ಕರ್ ಅವರ ಹುಟ್ಟನ್ನೇ ಎತ್ತಿ ಆಡಿ, ಅವರಿಗೆ ಶಾಸ್ತ್ರ ವಿಚಾರ ಮಾಡುವ ಅಧಿಕಾರವಿಲ್ಲವೆನ್ನುವ ಮಾತುಗಳೂ ಕೇಳಿಬಂದುವು. ಇಲ್ಲಿ ಒಂದು ಅಂಶವನ್ನು ಗುರುತಿಸಬೇಕು. ಸ್ತ್ರೀಯ ಹಕ್ಕಿನ ಮೇಲಣ ಕೋಪವೂ ಅಸ್ಪೃಶ್ಯನ ವಿದ್ವತ್ತಿನ ಮೇಲಣ ಕೋಪವೂ ಒಂದೇ ವೇದಿಕೆಯ ಮೇಲೆ ಕೂಡಿಕೊಂಡುದು ಆಕಸ್ಮಿಕವಲ್ಲ. ಶಾಸ್ತ್ರವನ್ನು ಓದುವ ಅಧಿಕಾರ ಯಾರದು ಎಂಬ ಹಳೆಯ ಪ್ರಶ್ನೆಯೇ ಎರಡರ ತಳದಲ್ಲಿಯೂ ಇತ್ತು.

ವಿರೋಧ ಬೀದಿಯಲ್ಲಷ್ಟೇ ಇರಲಿಲ್ಲ. ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ವಿದ್ವಾಂಸರೂ ಸಾತ್ವಿಕರೂ ಆದವರು. ವಯಸ್ಕ ಮತದಾನದಿಂದ ಚುನಾಯಿತವಾಗದ ಹಂಗಾಮಿ ಸಂಸತ್ತು ಇಷ್ಟು ಮೂಲಭೂತವಾದ ಬದಲಾವಣೆ ಮಾಡುವುದು ತರವಲ್ಲವೆಂದು ಅವರು ೧೯೫೧ ರ ಸೆಪ್ಟೆಂಬರಿನಲ್ಲಿ ಪ್ರಧಾನಿಗೆ ಬರೆದು, ಮಸೂದೆ ತಮ್ಮ ಬಳಿಗೆ ಬಂದರೆ ಸ್ವಂತ ವಿವೇಚನೆಯಂತೆ ನಡೆಯುವ ಇಂಗಿತವನ್ನೂ ಸೂಚಿಸಿದರು. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಗೆ ಬದ್ಧರು ಎಂದು ಅಟಾರ್ನಿ ಜನರಲ್ ಸೆಟಲ್ವಾಡರು ಅಭಿಪ್ರಾಯವಿತ್ತರು. ಕಾಂಗ್ರೆಸ್ ಪಕ್ಷದ ಒಳಗೂ ಹಿರಿಯರನೇಕರು ಮಸೂದೆಯನ್ನು ಒಲ್ಲದವರಾಗಿದ್ದರು. ಸುದೀರ್ಘ ಚರ್ಚೆಯ ಬಳಿಕ ನಾಲ್ಕು ಕಲಮುಗಳು ಮಾತ್ರ ಅಂಗೀಕೃತವಾಗಿ ಮಸೂದೆ ನಿಂತುಹೋಯಿತು. ಅಂಬೇಡ್ಕರ್ ಅವರು ೧೯೫೧ ರ ಸೆಪ್ಟೆಂಬರ್ ೨೭ ರಂದು ರಾಜೀನಾಮೆ ಬರೆದರು. ಅವರು ಕೊಟ್ಟ ಕಾರಣಗಳಲ್ಲಿ ಪರಿಶಿಷ್ಟ ಜಾತಿಗಳ ಸ್ಥಿತಿ, ವಿದೇಶಾಂಗ ನೀತಿ ಮೊದಲಾದುವೂ ಇದ್ದುವು. ಆದರೆ ಸಂಹಿತೆಯ ಗತಿಯನ್ನು ಕಂಡ ನೋವು ಅವರ ಹೇಳಿಕೆಯಲ್ಲಿ ಎದ್ದು ಕಾಣುತ್ತದೆ.

ವಿರೋಧಿಗಳ ವಾದಗಳನ್ನು ಮೂಢತನವೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ವಿಮರ್ಶೆಯ ಕ್ರಮವಲ್ಲ. ಅವರ ಮೊದಲ ವಾದ ಕುಟುಂಬದ ಐಕ್ಯಕ್ಕೆ ಸಂಬಂಧಿಸಿದುದು. ಮಗಳಿಗೆ ಪಾಲು ಬಂದರೆ ಅಳಿಯನೆಂಬ ಹೊರಗಿನವನು ಮನೆಯ ಹೊಲಕ್ಕೆ ಕಾಲಿಡುತ್ತಾನೆ, ಅಣ್ಣತಂಗಿಯರ ಪ್ರೀತಿ ಕೋರ್ಟಿನ ಕಟ್ಟೆ ಹತ್ತುತ್ತದೆ ಎಂದು ಅವರು ಹೆದರಿದರು. ಈ ಭೀತಿ ಸುಳ್ಳಲ್ಲ. ಪಾಲು ಕೇಳಿದ ಮಗಳಿಗೆ ತವರಿನ ಬಾಗಿಲು ಮುಚ್ಚಿದ ನಿದರ್ಶನಗಳು ಹಳ್ಳಿಹಳ್ಳಿಗಳಲ್ಲಿವೆ. ಆದರೆ ಅಣ್ಣತಮ್ಮಂದಿರ ವ್ಯಾಜ್ಯಗಳಿಂದಲೇ ಅಲ್ಲವೇ ಶತಮಾನಗಳ ಕಾಲ ನ್ಯಾಯಾಲಯಗಳು ತುಂಬಿದ್ದುದು? ದಾಯಾದಿ ಎಂಬ ಶಬ್ದ ಕನ್ನಡದಲ್ಲಿ ಮತ್ಸರದ ಪರ್ಯಾಯವಾದುದು ಹೆಣ್ಣುಮಕ್ಕಳಿಗೆ ಪಾಲು ಬರುವುದಕ್ಕೆ ಎಷ್ಟೋ ಮೊದಲು. ಪ್ರೀತಿಯ ಮೂಲ್ಯವನ್ನು ಒಬ್ಬಳೇ ತನ್ನ ಹಕ್ಕನ್ನು ಬಿಟ್ಟುಕೊಟ್ಟು ತೆರಬೇಕೆಂದಾದರೆ ಅದನ್ನು ಐಕ್ಯವೆನ್ನುವುದು ಹೇಗೆ ಎಂಬ ಪ್ರಶ್ನೆಗೆ ಈ ವಾದದಲ್ಲಿ ಉತ್ತರವಿಲ್ಲ. ಇನ್ನು ತುಳುನಾಡಿನಲ್ಲಿ ಅಳಿಯಸಂತಾನ ಪದ್ಧತಿಯಂತೆ ಆಸ್ತಿ ಹೆಣ್ಣಿನ ಸಂತತಿಯಲ್ಲಿಯೇ ಹರಿದುಬಂದಿತು. ಅಲ್ಲಿಯ ಮನೆತನಗಳು ಆ ಕಾರಣದಿಂದ ಉರುಳಿಹೋಗಲಿಲ್ಲ. ಸಂಹಿತೆಯ ಮೊದಲ ಕರಡನ್ನು ರೂಪಿಸಿದ ರಾಯರು ಆ ನಾಡಿನವರೆಂಬುದು ಪ್ರಾಸಂಗಿಕವಾಗಿ ನೆನೆಯತಕ್ಕ ಸಂಗತಿ.

ಭೂಮಿ ತುಂಡುತುಂಡಾಗಿ ಒಕ್ಕಲುತನ ಹಾಳಾಗುತ್ತದೆಂಬ ಇನ್ನೊಂದು ವಾದ ಮೇಲುನೋಟಕ್ಕೆ ಆರ್ಥಿಕವಾದುದು. ಐದು ಜನ ಗಂಡುಮಕ್ಕಳಿಗೆ ಹೊಲ ಐದು ಹೋಳಾದರೆ ಅದನ್ನು ವಾಟ್ನಿಯೆಂದೂ, ಮೂರು ಗಂಡು ಎರಡು ಹೆಣ್ಣುಮಕ್ಕಳಿಗೆ ಅದೇ ಐದು ಹೋಳಾದರೆ ವಿನಾಶವೆಂದೂ ಕರೆಯುವುದು ಯಾವ ಅರ್ಥಶಾಸ್ತ್ರವೋ ತಿಳಿಯದು.

ವಿಚ್ಛೇದನ ಹಿಂದೂ ಸಮಾಜಕ್ಕೆ ಅಪರಿಚಿತವಾದ ಪಾಶ್ಚಾತ್ಯ ಅನುಕರಣೆ ಎಂಬ ಆಕ್ಷೇಪ ಬಹಳ ಜೋರಾಗಿ ಕೇಳಿಬಂತು. ವಾಸ್ತವ ಹಾಗಿರಲಿಲ್ಲ. ದುಡಿಯುವ ಸಮುದಾಯಗಳಲ್ಲಿ ಬಿಡುಗಡೆಯೂ ಮರುಮದುವೆಯೂ ಹಿಂದಿನಿಂದ ರೂಢಿಯಲ್ಲಿದ್ದುವು. ಉತ್ತರ ಕರ್ನಾಟಕದ ಉಡಿಕೆ, ಹಳೆಯ ಮೈಸೂರಿನ ಕೂಡಿಕೆ ಈ ಪದಗಳೇ ಅದಕ್ಕೆ ಸಾಕ್ಷಿ. ಬಹುಸಂಖ್ಯಾತರ ರೂಢಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮೇಲ್ವರ್ಗಗಳ ಆಚಾರವನ್ನೇ ಹಿಂದೂ ಧರ್ಮವೆಂದು ಸಾರಲಾಗುತ್ತಿದೆ ಎಂಬುದನ್ನು ಅಂಬೇಡ್ಕರ್ ಅವರು ಸಭೆಯಲ್ಲಿ ಎತ್ತಿ ತೋರಿದರು. ಮುಂದೆ ೧೯೫೫ ರ ವಿವಾಹ ಕಾಯಿದೆ ಈ ರೂಢಿಗತ ಬಿಡುಗಡೆಯ ಹಕ್ಕನ್ನು ಉಳಿಸಿಯೂ ಕೊಟ್ಟಿತು.

ಹಿಂದೂಗಳಿಗೆ ಮಾತ್ರ ಏಕೆ, ಎಲ್ಲರಿಗೂ ಒಂದೇ ಕಾಯಿದೆ ಏಕಿಲ್ಲ ಎಂಬ ಪ್ರಶ್ನೆಯನ್ನು ಎತ್ತಿದವರಲ್ಲಿ ಬಹುಮಂದಿಯ ಉದ್ದೇಶ ಕಾಲಹರಣವಾಗಿದ್ದರೂ ಪ್ರಶ್ನೆ ನಿಸ್ಸಾರವಾಗಿರಲಿಲ್ಲ. ಹಳೆಯ ತಿರುವಾಂಕೂರಿನ ಕ್ರೈಸ್ತ ಸ್ತ್ರೀಯರು ೧೯೧೬ ರ ಸಂಸ್ಥಾನದ ಕಾಯಿದೆಯಿಂದ ಬಿಡುಗಡೆ ಪಡೆದು ಸಮಪಾಲು ಪಡೆಯಲು ೧೯೮೬ ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನವರೆಗೆ ಕಾಯಬೇಕಾಯಿತು. ವಿಚ್ಛೇದಿತ ಮುಸ್ಲಿಂ ಸ್ತ್ರೀಯ ಜೀವನಾಂಶದ ಬಗ್ಗೆ ೧೯೮೫ ರಲ್ಲಿ ಬಂದ ತೀರ್ಪಿಗೆ ಎದ್ದ ವಿರೋಧಕ್ಕೆ ಮಣಿದು ಸಂಸತ್ತು ಮರುವರ್ಷವೇ ಪ್ರತ್ಯೇಕ ಕಾಯಿದೆ ಮಾಡಿತು. ಮತ ಯಾವುದಾದರೂ ಪ್ರತಿರೋಧದ ಭಾಷೆ ಒಂದೇ ಬಗೆಯದು: ಧರ್ಮಕ್ಕೆ ಗಂಡಾಂತರ, ಮನೆಗೆ ಗಂಡಾಂತರ, ಕಾಲ ಪಕ್ವವಾಗಿಲ್ಲ.

ಸ್ತ್ರೀಯರೇ ಇದನ್ನು ಬೇಡುತ್ತಿಲ್ಲ ಎಂಬುದು ಎಲ್ಲಕ್ಕಿಂತ ಬಿರುಸಾದ ವಾದ. ಸಂಹಿತೆಯ ವಿರುದ್ಧ ಸ್ತ್ರೀಯರ ನಿಯೋಗಗಳೂ ಬಂದುದು ನಿಜ. ಇದು ಭಾರತದ ವೈಚಿತ್ರ್ಯವೇನಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸ್ತ್ರೀಪುರುಷರ ಸಮಾನ ಹಕ್ಕಿನ ಸಂವಿಧಾನ ತಿದ್ದುಪಡಿಯನ್ನು ಅಲ್ಲಿಯ ಕಾಂಗ್ರೆಸ್ ೧೯೭೨ ರಲ್ಲಿ ಅಂಗೀಕರಿಸಿತು. ಸ್ಥಿರೀಕರಣಕ್ಕೆ ೩೮ ರಾಜ್ಯಗಳ ಒಪ್ಪಿಗೆ ಬೇಕಿತ್ತು. ೩೫ ಒಪ್ಪಿದ ಬಳಿಕ ಬಂಡಿ ನಿಂತಿತು, ೧೯೮೨ ರಲ್ಲಿ ಅವಧಿ ಮುಗಿಯಿತು. ಅದನ್ನು ತಡೆದ ಚಳವಳಿಯ ನಾಯಕಿ ಫಿಲಿಸ್ ಶ್ಲಾಫ್ಲಿ ಎಂಬ ಮಹಿಳೆ. ಗೃಹಿಣಿಗೆ ಇರುವ ರಕ್ಷಣೆಗಳು ಸಮಾನತೆಯಿಂದ ಕಳೆದುಹೋಗುತ್ತವೆ ಎಂದು ಅವರು ವಾದಿಸಿದರು. ಈ ಬಗೆಯ ವಿರೋಧವನ್ನು ಅಜ್ಞಾನವೆನ್ನುವುದು ಸರಿಯಲ್ಲ. ತಂದೆಯ, ಗಂಡನ, ಮಗನ ಆಶ್ರಯವೊಂದೇ ಭದ್ರತೆಯಾಗಿರುವ ಬದುಕಿನಲ್ಲಿ ಆ ಆಶ್ರಯವನ್ನು ಅಲುಗಿಸುವ ಯಾವುದೂ ಭಯ ಹುಟ್ಟಿಸುತ್ತದೆ. ಕಾಯಿದೆ ದೂರದಲ್ಲಿದೆ, ಸೋದರ ಹತ್ತಿರದಲ್ಲಿದ್ದಾನೆ ಎಂಬ ಲೆಕ್ಕಾಚಾರ ಅದು, ವಿವೇಕದ ಲೆಕ್ಕಾಚಾರವೇ. ಅಂಥ ಲೆಕ್ಕ ಹಾಕಬೇಕಾಗಿ ಬಂದ ಸ್ಥಿತಿಯನ್ನೇ ಸ್ತ್ರೀವಾದ ಪ್ರಶ್ನಿಸುವುದು.

೧೯೫೧–೫೨ ರ ಮೊದಲ ಮಹಾಚುನಾವಣೆಯಲ್ಲಿ ಪ್ರಭುದತ್ತ ಬ್ರಹ್ಮಚಾರಿಯವರು ಹಿಂದೂ ಸಂಹಿತೆಯ ವಿರೋಧವೊಂದನ್ನೇ ಮುಂದಿಟ್ಟು ನೆಹರೂ ಅವರ ಎದುರು ನಿಂತು ಸೋತರು. ಮುಂಬಯಿಯಲ್ಲಿ ಅಂಬೇಡ್ಕರ್ ಅವರೂ ಸೋತರು. ಹೊಸ ಸಂಸತ್ತಿನಲ್ಲಿ ಸಂಹಿತೆಯನ್ನು ಬಿಡಿಯಾಗಿ ಒಡೆದು ತರಲಾಯಿತು. ವಿವಾಹ ಕಾಯಿದೆ ೧೯೫೫ ರ ಮೇ ತಿಂಗಳಲ್ಲಿ, ಉತ್ತರಾಧಿಕಾರ ಕಾಯಿದೆ ೧೯೫೬ ರ ಜೂನ್ ೧೭ ರಂದು, ಅಪ್ರಾಪ್ತವಯಸ್ಕರ ಪೋಷಕತ್ವದ ಕಾಯಿದೆ ಅದೇ ಆಗಸ್ಟಿನಲ್ಲಿ ಜಾರಿಯಾದುವು. ನಾಲ್ಕನೆಯದಾದ ದತ್ತಕ ಮತ್ತು ಜೀವನಾಂಶದ ಕಾಯಿದೆ ಡಿಸೆಂಬರ್ ೨೧ ರಂದು ಬಂದಾಗ ಅಂಬೇಡ್ಕರ್ ಅವರು ಲೋಕವನ್ನಗಲಿ ಹದಿನೈದು ದಿನಗಳಾಗಿದ್ದುವು.

ಈ ಕಾಯಿದೆಗಳಿಂದ ಬಂದ ಲಾಭ ದೊಡ್ಡದು. ಉತ್ತರಾಧಿಕಾರ ಕಾಯಿದೆಯ ೧೪ನೆಯ ಕಲಮು ಸೀಮಿತ ಹಕ್ಕೆಂಬುದನ್ನೇ ತೊಡೆದುಹಾಕಿತು. ಉತ್ತರಾಧಿಕಾರ, ವಿಭಾಗ, ಜೀವನಾಂಶ, ದಾನ, ಸ್ವಂತ ದುಡಿಮೆ, ಕ್ರಯ ಹೀಗೆ ಯಾವ ಮಾರ್ಗದಿಂದ ಬಂದುದಾದರೂ ಸ್ತ್ರೀಯ ಆಸ್ತಿ ಅವಳ ಪೂರ್ಣ ಸ್ವತ್ತೆಂದು ಅದು ಪಟ್ಟಿ ಮಾಡಿ ಹೇಳುತ್ತದೆ. ‘ಆದ್ಯ’ ಪದಕ್ಕೆ ವಿಜ್ಞಾನೇಶ್ವರನು ಕೊಟ್ಟ ವಿವರಣೆಯನ್ನೂ ಈ ಕಲಮಿನ ವಿವರಣೆಯನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದವರಿಗೆ ಸಾಮ್ಯ ತಾನಾಗಿ ಕಾಣುತ್ತದೆ. ಎಂಟು ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಕಲ್ಯಾಣದ ವ್ಯಾಖ್ಯಾನ ದೆಹಲಿಯಲ್ಲಿ ಶಾಸನವಾಯಿತೆಂದರೆ ಅತಿಶಯೋಕ್ತಿಯಾಗದು.

ಆದರೆ ಪ್ರತಿರೋಧವೂ ತನ್ನ ಪಾಲನ್ನು ಪಡೆಯಿತು. ಅಂಬೇಡ್ಕರ್ ಅವರ ಕರಡಿನಲ್ಲಿ ರದ್ದಾಗಿದ್ದ ಮಿತಾಕ್ಷರದ ಗಂಡಸರ ಕೂಟ ೧೯೫೬ ರ ಕಾಯಿದೆಯಲ್ಲಿ ಉಳಿದುಕೊಂಡಿತು. ಕೂಟದಲ್ಲಿ ತಂದೆಯ ಪಾಲೆಷ್ಟೋ ಅದರಲ್ಲಿ ಮಾತ್ರ ಮಗಳಿಗೆ ಸಮಭಾಗ. ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ತಂದೆ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಾಯಿ ಮೊದಲೇ ತೀರಿಕೊಂಡಿದ್ದಾಳೆ. ಪಿತ್ರಾರ್ಜಿತ ಹೊಲ ೯ ಎಕರೆ ಎಂದಿಟ್ಟುಕೊಳ್ಳೋಣ. ತಂದೆ ಉಯಿಲು ಬರೆಯದೆ ತೀರಿಕೊಂಡರೆ, ಅದಕ್ಕೆ ಮುಂಚಿನ ಕ್ಷಣದಲ್ಲಿ ಪಾಲಾಯಿತೆಂದು ಭಾವಿಸಿ ತಂದೆಗೆ ೩, ಗಂಡುಮಕ್ಕಳಿಗೆ ಮೂರು ಮೂರು ಎಕರೆ. ತಂದೆಯ ೩ ಎಕರೆ ಮೂವರು ಮಕ್ಕಳಲ್ಲಿ ಸಮನಾಗಿ ಹಂಚಿ ತಲಾ ೧ ಎಕರೆ. ಕೊನೆಗೆ ಗಂಡುಮಕ್ಕಳಿಗೆ ನಾಲ್ಕು ನಾಲ್ಕು ಎಕರೆ, ಮಗಳಿಗೆ ಒಂದು. ಸಮಾನತೆಯೆಂದು ಸಾರಿದ ಕಾಯಿದೆಯ ಫಲ ಇದು. ಅದರ ಮೇಲೆ, ವಾಸದ ಮನೆಯನ್ನು ಪಾಲು ಮಾಡೆಂದು ಕೇಳುವ ಹಕ್ಕು ೨೩ನೆಯ ಕಲಮಿನಂತೆ ಹೆಣ್ಣುಮಕ್ಕಳಿಗಿರಲಿಲ್ಲ. ಗಂಡುಮಕ್ಕಳು ಪಾಲಾಗಲು ಇಚ್ಛಿಸುವವರೆಗೆ ಅವರು ಕಾಯಬೇಕಿತ್ತು. ಗೇಣಿ ಹಕ್ಕಿನ ವಾರಸು, ಭೂಮಿಯ ಗರಿಷ್ಠ ಮಿತಿ ಮೊದಲಾದ ವಿಷಯಗಳ ಕಾಯಿದೆಗಳನ್ನು ೪ನೆಯ ಕಲಮು ಹೊರಗಿಟ್ಟಿತು. ಬೀದಿಯ ಕೂಗಾಟ ಅಡಗಿತ್ತು. ಅದು ಕೇಳಿದುದರಲ್ಲಿ ಬಹುಪಾಲು ಸದ್ದಿಲ್ಲದೆ ಕಲಮುಗಳೊಳಗೆ ಸೇರಿಕೊಂಡಿತ್ತು.

ಈ ಕಾಯಿದೆಗಳು ಯಾರಿಗೆ ಅನ್ವಯಿಸುತ್ತವೆಂದು ಹೇಳುವ ೨ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಎರಡು ಹೆಸರುಗಳೂ ಸ್ಪಷ್ಟವಾಗಿ ಉಕ್ತವಾಗಿವೆ. ಇಲ್ಲಿ ಒಂದು ವಿಪರ್ಯಾಸವಿದೆ. ವಿಜ್ಞಾನೇಶ್ವರನ ಬಳಿಕ ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ಶರಣೆಯರು ದೀಕ್ಷೆ ಪಡೆದರು, ಇಷ್ಟಲಿಂಗವನ್ನು ಧರಿಸಿದರು, ವಚನಗಳನ್ನು ರಚಿಸಿದರು. ಅಕ್ಕಮಹಾದೇವಿ, ಅಕ್ಕಮ್ಮ, ಸತ್ಯಕ್ಕ ಇವರ ವಚನಗಳು ಇಂದಿಗೂ ಉಳಿದಿವೆ. ಲಿಂಗಪೂಜೆಯಲ್ಲಿ ಗಂಡುಹೆಣ್ಣೆಂಬ ಭೇದವಿಲ್ಲವೆಂದು ಒಪ್ಪಿದ ಸಮಾಜ ಹೊಲಮನೆಗಳ ಪ್ರಶ್ನೆ ಬಂದಾಗ ಮಿತಾಕ್ಷರದ ಗಂಡಸರ ಕೂಟವನ್ನೇ ಅನುಸರಿಸಿತು. ನ್ಯಾಯಾಲಯಗಳೂ ಅದನ್ನೇ ಅನ್ವಯಿಸಿದುವು. ದೀಕ್ಷೆಯಲ್ಲಿ ಸಮಳಾದವಳು ದಾಯದಲ್ಲಿ ಏಕೆ ಸಮಳಲ್ಲ ಎಂಬ ಪ್ರಶ್ನೆ ಸಮಾಜದೊಳಗಿಂದಲೇ ಎದ್ದು ಬರಬೇಕಾಗಿತ್ತು. ಅದು ಬಹುಕಾಲ ಬರಲಿಲ್ಲ.

ಉಳಿದುಹೋದ ಅಸಮಾನತೆಯನ್ನು ಮೊದಲು ತಿದ್ದಿದುವು ದಕ್ಷಿಣದ ರಾಜ್ಯಗಳು. ಕೇರಳ ೧೯೭೫ ರ ಕಾಯಿದೆಯಿಂದ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಗೊಳಿಸಿತು. ಆಂಧ್ರ ಪ್ರದೇಶ ೧೯೮೫ ರ ಸೆಪ್ಟೆಂಬರಿನಿಂದ, ತಮಿಳುನಾಡು ೧೯೮೯ ರಿಂದ, ಕರ್ನಾಟಕ ಮತ್ತು ಮಹಾರಾಷ್ಟ್ರ ೧೯೯೪ ರಿಂದ ಮಗಳನ್ನೂ ಹುಟ್ಟಿನಿಂದ ಪಾಲುದಾರಳೆಂದು ಮನ್ನಿಸಿದುವು. ಕರ್ನಾಟಕದ ಕಾಯಿದೆ ಅದು ಜಾರಿಗೆ ಬರುವ ಮುನ್ನ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಮದುವೆಯಾದವಳು ಪರರ ಮನೆಯವಳು ಎಂಬ ಹಳೆಯ ನಂಬಿಕೆ ತಿದ್ದುಪಡಿಯಲ್ಲಿಯೂ ಇಣುಕಿತು. ಕಾನೂನು ಆಯೋಗದ ೧೭೪ನೆಯ ವರದಿಯ (೨೦೦೦) ಬಳಿಕ ಕೇಂದ್ರದ ತಿದ್ದುಪಡಿ ೨೦೦೫ ರ ಸೆಪ್ಟೆಂಬರ್ ೯ ರಂದು ಜಾರಿಗೆ ಬಂದು, ವಿವಾಹಿತೆ, ಅವಿವಾಹಿತೆ ಎಂಬ ಭೇದವಿಲ್ಲದೆ ಮಗಳಿಗೆ ಮಗನಷ್ಟೇ ಹುಟ್ಟಿನ ಹಕ್ಕನ್ನು ಕೊಟ್ಟಿತು. ೨೩ನೆಯ ಕಲಮನ್ನು ಕಿತ್ತುಹಾಕಿತು. ಮೇಲಿನ ಲೆಕ್ಕದ ೯ ಎಕರೆ ಈಗ ಮೂರು ಮೂರು ಎಕರೆಯಾಗಿ ಒಡೆಯುತ್ತದೆ.

ಆ ದಿನ ತಂದೆ ಬದುಕಿರಬೇಕೇ ಎಂಬ ಪ್ರಶ್ನೆ ಮತ್ತೆ ಹದಿನೈದು ವರ್ಷ ಕಾಡಿತು. ಕರ್ನಾಟಕದಿಂದಲೇ ಹೋದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ೨೦೧೫ ರಲ್ಲಿ ಹೌದೆಂದಿತು. ಕರ್ನಾಟಕದ್ದೇ ಇನ್ನೊಂದು ಮೊಕದ್ದಮೆಯಲ್ಲಿ ೨೦೦೧ ರಲ್ಲಿ ತಂದೆ ತೀರಿಕೊಂಡಿದ್ದ ಹೆಣ್ಣುಮಕ್ಕಳಿಗೆ ೨೦೧೮ ರಲ್ಲಿ ಸಮಪಾಲು ಕೊಟ್ಟಿತು. ಈ ಗೊಂದಲವನ್ನು ೨೦೨೦ ರ ಆಗಸ್ಟ್ ೧೧ ರಂದು ಮೂವರು ನ್ಯಾಯಮೂರ್ತಿಗಳ ಪೀಠ ಪರಿಹರಿಸಿತು. ಹಕ್ಕು ಹುಟ್ಟಿನಿಂದ ಬರುವುದಾದ್ದರಿಂದ ತಂದೆ ಅಂದು ಬದುಕಿದ್ದನೋ ಇಲ್ಲವೋ ಎಂಬುದು ಅಪ್ರಸ್ತುತ. ಆದರೆ ೨೦೦೪ ರ ಡಿಸೆಂಬರ್ ೨೦ ಕ್ಕೆ ಮುಂಚೆ ಕ್ರಮಬದ್ಧವಾಗಿ ಮುಗಿದ ಪಾಲುಗಳಿಗೆ ಧಕ್ಕೆಯಿಲ್ಲ.

ಈಗ ಪ್ರತಿರೋಧಕ್ಕೆ ಸಭೆಗಳೂ ಮೆರವಣಿಗೆಗಳೂ ಬೇಕಿಲ್ಲ. ಅದು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರವೆಂಬ ಹೆಸರಿನಿಂದ ನಡೆಯುತ್ತದೆ. ತಂದೆಯ ತಿಥಿ ಮುಗಿದ ಮೇಲೆ ಅಕ್ಕತಂಗಿಯರನ್ನು ಕರೆದೊಯ್ದು ಸಹಿ ಹಾಕಿಸುತ್ತಾರೆ. ಅರಿಸಿನ ಕುಂಕುಮಕ್ಕೆಂದು ಒಂದಿಷ್ಟು ಹಣವನ್ನೋ ಒಂದು ಸೀರೆಯನ್ನೋ ಕೊಡುತ್ತಾರೆ. ಸಹಿ ಹಾಕಿದವಳನ್ನು ಕೇಳಿದರೆ ತಾನಾಗಿಯೇ ಬಿಟ್ಟುಕೊಟ್ಟೆ ಎನ್ನುತ್ತಾಳೆ. ಅವಳ ಮಾತು ಸುಳ್ಳೆಂದು ಹೇಳಲಾಗದು. ಹಬ್ಬಕ್ಕೆ ಹೋಗಲು ಒಂದು ತವರು ಬೇಕೆಂಬ ಆಸೆಯೂ ಸುಳ್ಳಲ್ಲ. ಕೆಲವು ತಂದೆಯರು ತಮ್ಮ ಪಾಲನ್ನೆಲ್ಲ ಗಂಡುಮಕ್ಕಳ ಹೆಸರಿಗೆ ಉಯಿಲು ಬರೆದಿಡುತ್ತಾರೆ. ೩೦ನೆಯ ಕಲಮು ಅದಕ್ಕೆ ಅವಕಾಶ ಕೊಟ್ಟಿದೆ.

ಶಾಸನದಲ್ಲಿಯೂ ಒಂದು ಗಂಟು ಬಿಡದೆ ಉಳಿದಿದೆ. ಮಕ್ಕಳಿಲ್ಲದ ವಿವಾಹಿತ ಸ್ತ್ರೀ ಉಯಿಲು ಬರೆಯದೆ ತೀರಿಕೊಂಡು, ಗಂಡನೂ ಮೊದಲೇ ಗತಿಸಿದ್ದರೆ, ಅವಳು ಸ್ವಂತ ದುಡಿಮೆಯಿಂದ ಗಳಿಸಿದುದು ೧೫ನೆಯ ಕಲಮಿನಂತೆ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಅವಳನ್ನು ಹೆತ್ತ ತಂದೆತಾಯಿಗಳ ಸರದಿ ಆಮೇಲೆ. ಗಂಡಸಿನ ಆಸ್ತಿಗೆ ಇಂಥ ನಿಯಮವಿಲ್ಲ. ಕಾನೂನು ಆಯೋಗ ತನ್ನ ೨೦೭ನೆಯ ವರದಿಯಲ್ಲಿ ೨೦೦೮ ರಲ್ಲಿಯೇ ಇದರ ತಿದ್ದುಪಡಿಗೆ ಶಿಫಾರಸು ಮಾಡಿದೆ. ಗಂಡನ ಮನೆಯಿಂದ ಹೊರಹಾಕಲ್ಪಟ್ಟು, ತವರಿನ ಆಸರೆಯಲ್ಲಿ ಓದಿ ಕೆಲಸಕ್ಕೆ ಸೇರಿ ಗಳಿಸಿದ ವಿಧವೆಯೊಬ್ಬಳ ಉಳಿತಾಯವೂ ೨೦೦೯ ರ ಒಂದು ತೀರ್ಪಿನಂತೆ ಗಂಡನ ಕಡೆಯವರಿಗೇ ಸಂದಿತು. ಆ ಹಣಕ್ಕಾಗಿ ನ್ಯಾಯಾಲಯಕ್ಕೆ ಮೊರೆಹೋಗಿದ್ದವಳು ಅವಳ ತಾಯಿ.